ಹನ್ನೊಂದಕ್ಕೆ ತೆರೆಯುವ ಗೇಟು

ಕರೇಕಲ್ಲಹಟ್ಟಿ ಆಸ್ಪತ್ರೆಗೆ ನಲ್ಲಿ ಇರಲಿಲ್ಲ, ನಾಗಕ್ಕ ಇದ್ದಳು. ದಿನಾ ಬೆಳಿಗ್ಗೆ ಅರ್ಧ ಮೈಲಿ ದೂರದ ಬಾವಿಯಿಂದ ಎಂಟು ಕೊಡ ನೀರು ಹೊತ್ತು, ನೆಲ ಸಾರಿಸಿ, ಸೀಮೆಎಣ್ಣೆ ಸ್ಟೌ ಹಚ್ಚಿ ಸೂಜಿ ಕುದಿಯಲು ಇಡುತ್ತಿದ್ದಳು. ಹನ್ನೊಂದು ವರ್ಷದಿಂದ ಆಯಾ. ಹನ್ನೊಂದು ವರ್ಷದಿಂದಲೂ ದಿನಗೂಲಿ.

ಎಂಟಕ್ಕೆಲ್ಲ ರೋಗಿಗಳು ಬರುತ್ತಿದ್ದರು. ಡಾಕ್ಟರು ಸಂಜೀವಯ್ಯ ಕೊರಟಗೆರೆ ಬಸ್ಸಿನಲ್ಲಿ ಹನ್ನೊಂದಕ್ಕೆ ಇಳಿಯುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಬೇಗ ಏಳುವುದೊಂದು ಅವರಿಗೆ ಆಗಿಬರುತ್ತಿರಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಜಿಲ್ಲೆಯಿಂದ ಒಂದು ಹಾಳೆ ಬಂತು. ಸೇವಾ ಸುಧಾರಣೆಯ ಯೋಜನಾ ಪತ್ರ. ಆಸ್ಪತ್ರೆಯ ಕೊರತೆ ಏನು, ಕಾರಣ ಏನು, ಗುರಿ ಏನು, ಯಾರ ಹೊಣೆ, ಎಲ್ಲಾ ತುಂಬಬೇಕಿತ್ತು. ಡಾಕ್ಟರು ಎರಡು ಕಾಫಿ ಕುಡಿದು ತುಂಬಿದರು. ಕಾಂಪೌಂಡರ್ ಕೆಂಪಯ್ಯ ಅದನ್ನು ನಾಗಕ್ಕನಿಗೆ ಓದಿ ಹೇಳಿದ.

“ಕೊರತೆ, ರೋಗಿಗಳು ಮೂರು ಗಂಟೆ ಕಾಯ್ತಾರೆ. ಕಾರಣ, ರೋಗಿಗಳು ಬಲು ಬೇಗ ಬತ್ತಾರೆ. ಗುರಿ, ಕಾಯೋದು ಅರ್ಧ ಗಂಟೆಗೆ ಇಳೀಬೇಕು. ಅದಕ್ಕೆ ಗೇಟು ಹನ್ನೊಂದಕ್ಕೆ ತೆಗೆಯೋದು. ಹೊಣೆ, ನಾಗಕ್ಕ.”

“ನನ್ನೆಸ್ರು ಯಾಕಣ್ಣ?”

“ಬೀಗದ ಕೈ ನಿನ್ತಾವ ಐತಲ್ಲವ್ವ.”

ಅಂದಿನಿಂದ ಜನ ಒಳಗೆ ನೆರಳಲ್ಲಿ ಕಾಯುವ ಬದಲು ಹೊರಗೆ ಬಿಸಿಲಲ್ಲಿ ಕಾದರು. ಸುಧಾರಣೆ ಚೆನ್ನಾಗಿಯೇ ನಡೆಯಿತು.

ಮೂರನೇ ವಾರ ಕುರಿಹಟ್ಟಿಯ ರಂಗಕ್ಕ ಎಂಟೂವರೆಗೆ ಓಡೋಡಿ ಬಂದಳು. ಹೆಗಲ ಮೇಲೆ ವಾಂತಿಭೇದಿಯಿಂದ ಬಾಡಿದ್ದ ಮೊಮ್ಮಗಳು. ಮಗುವಿನ ಕಣ್ಣು ಗುಳಿಬಿದ್ದಿತ್ತು.

“ನಾಗಕ್ಕ, ಬೀಗ ತೆಗಿಯೇ ತಾಯಿ!”

“ಹನ್ನೊಂದಕ್ಕೆ ಅಂತ ಬರ್ದವ್ರೆ ಕಣಮ್ಮ.”

“ಇವಳ ಹೊಟ್ಟೆಗೆ ಓದಾಕೆ ಬರಾಕಿಲ್ವಲ್ಲೇ!”

ನಾಗಕ್ಕ ಬೀಗ ತೆಗೆದಳು. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಕದಡಿ ಚಮಚದಲ್ಲಿ ಹಾಕುತ್ತ ಕುಳಿತಳು. ಬಸ್ಸು ಬರುವ ಹೊತ್ತಿಗೆ ಮಗು ಜೋರಾಗಿ ಅಳತೊಡಗಿತು. ಆ ಅಳು ಕೇಳಿ ರಂಗಕ್ಕ ನಕ್ಕಳು.

ಅದೇ ಮಧ್ಯಾಹ್ನ ಜೀಪಿನಲ್ಲಿ ಜಿಲ್ಲೆಯ ಸಾಹೇಬರು ಬಂದರು. ಗುರಿ ಮುಟ್ಟಿದೆ ಎಂದು ಡಾಕ್ಟರ ಬೆನ್ನು ತಟ್ಟಿದರು. ಹಾಳೆಗೆ ಇನ್ನು ಹೊಣೆ ಹೊತ್ತವಳ ಹೆಬ್ಬೆಟ್ಟೊಂದು ಬೇಕಿತ್ತು.

“ಒತ್ತಾಕಿಲ್ಲ ಸಾಮಿ,” ಎಂದಳು ನಾಗಕ್ಕ. “ಕಾಯೋದೇನೂ ಕಮ್ಮಿ ಆಗಿಲ್ಲ, ಬೀದಿಗೆ ಬಿದ್ದೈತೆ ಅಷ್ಟೆ. ಡಾಕ್ಟ್ರು ಹನ್ನೊಂದಕ್ಕೆ ಬತ್ತಾರೆ, ಅದೇ ಕಾರಣ. ಅಂಗೆ ಬರೀರಿ, ಒತ್ತೀನಿ.”

ಸಾಹೇಬರು ಕೆಮ್ಮಿದರು. “ಅಷ್ಟು ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ.”

“ಇಂದ್ಗಡೆ ಪೂರಾ ಖಾಲಿ ಐತಲ್ಲ!” ಎಂದು ರಂಗಕ್ಕ ಹಾಳೆ ಮಗುಚಿ, ಶಾಯಿಗೆ ಬೆರಳದ್ದಿ ಮೊದಲ ಹೆಬ್ಬೆಟ್ಟು ಒತ್ತಿಯೇಬಿಟ್ಟಳು. ಅವಳ ಹಿಂದೆ ಅಲ್ಲಿದ್ದ ಹದಿನೈದು ಜನ ರೋಗಿಗಳೂ ಒತ್ತಿದರು. ಸಾಹೇಬರು ಏನೂ ಬರೆಯದಿದ್ದರೂ ಕೊನೆಗೆ ನಾಗಕ್ಕನೂ ಅಲ್ಲೇ ಒತ್ತಿದಳು. ಸಾಹೇಬರು ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಸೋಮವಾರ ಹಾಜರಿ ಪಟ್ಟಿಯಲ್ಲಿ ನಾಗಕ್ಕನ ಹೆಸರಿರಲಿಲ್ಲ. ಕೆಂಪಯ್ಯ ತಲೆ ತಗ್ಗಿಸಿಕೊಂಡೇ ಹೇಳಿದ. ಬೀಗದ ಕೈ ಅವನ ಪಾಲಿಗೆ ಬಂದಿತ್ತು. ಆದರೆ ಅವನು ಒಳಗೆ ಹೋಗಲು ಗೇಟು ತೆಗೆದದ್ದೇ ತಡ, ಹೊರಗೆ ಕಾದಿದ್ದ ಹೆಂಗಸರು ಗೇಟಿನ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಗೇಟು ಹಾಕುವ ಹಾಗೆಯೇ ಇರಲಿಲ್ಲ.

ಹನ್ನೊಂದಕ್ಕೆ ಬಸ್ಸಿಳಿದ ಡಾಕ್ಟರಿಗೆ ಮೊದಲು ಕಂಡವಳೇ ನಾಗಕ್ಕ.

“ನಿನಗಿಲ್ಲಿ ಕೆಲಸ ಇಲ್ಲವಲ್ಲ?”

“ಕೆಲಸಕ್ಕೆ ಬಂದಿಲ್ಲ ಸಾಮಿ. ತೋರಿಸ್ಕಳಾಕೆ ಬಂದಿವ್ನಿ.”

“ಏನು ಕಾಯಿಲೆ?”

“ಕಾಯೋದೇ ಕಾಯಿಲೆ. ಇವ್ರಿಗೆಲ್ಲಾ ಅದೇ ಬಂದೈತೆ.”

ಹೆಂಗಸರು ಗೊಳ್ಳೆಂದು ನಕ್ಕರು. ಡಾಕ್ಟರು ಒಳಗೆ ಹೋಗಲು ದಾರಿ ಹುಡುಕಿದರು. ರಂಗಕ್ಕ ಚೂರೇ ಚೂರು ಸರಿದು ದಾರಿ ಬಿಟ್ಟಳು.

“ನಾಳೇನೂ ಎಂಟಕ್ಕೆ ಬತ್ತೀವಿ ಸಾಮಿ,” ಎಂದಳು. “ನೀವೂ ಬನ್ನಿ.”