ಕಿಟಕಿಯ ಕೆಳಗಿನ ಹುಡುಗ

ಮೈಕಿನ ತಲೆಗೆ ತೊಡಿಸುವ ಸ್ಪಂಜಿನ ಟೋಪಿಗಳನ್ನು ಅವಳು ಬೋಗುಣಿಯ ಸೋಪುನೀರಿನಲ್ಲಿ ಅದ್ದಿ, ಸದ್ದಾಗದಂತೆ ಹಿಂಡುತ್ತಿದ್ದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಾಗ ಆ ಕಟ್ಟಡದಲ್ಲಿ ಯಾರೂ ಕೆಮ್ಮುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ, ನಲ್ಲಿಯನ್ನಂತೂ ಮುಟ್ಟುವ ಹಾಗೇ ಇಲ್ಲ. ಅದಕ್ಕೇ ನೀರನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದಳು. ಒಂದೊಂದು ಟೋಪಿಗೂ ಒಂದೊಂದು ವಾಸನೆ. ಕೇಡಿಗರಿಗೆ ದನಿ ಕೊಡುವವರದು ಸಿಗರೇಟಿನದು, ನಾಯಕಿಯರಿಗೆ ಕೊಡುವವಳದು ಕೆಮ್ಮಿನ ಗುಳಿಗೆಯದು, ದೊಡ್ಡಮ್ಮನದು ಲವಂಗದ್ದು. ತನ್ನದಕ್ಕೆ ಯಾವ ವಾಸನೆಯೆಂದು ಅವಳಿಗೆ ಗೊತ್ತಿರಲಿಲ್ಲ. ತನಗೇ ಅಂತ ಒಂದು ಟೋಪಿ ಸಿಕ್ಕಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

ಪರದೇಶದ ಸಿನಿಮಾಗಳಿಗೆ ನಮ್ಮ ಮಾತು ತೊಡಿಸುವ ಜಾಗ ಅದು. ಅವಳನ್ನು ಅಲ್ಲಿ ಎಲ್ಲರೂ ಪಿಸು ಎನ್ನುತ್ತಿದ್ದರು. ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ಅವಳು ಪಿಸುಮಾತಿಗಿಂತ ಜೋರಾಗಿ ಮಾತಾಡಿದ್ದನ್ನು ಕಂಡವರಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಓದುವುದು ನಿಧಾನ. ಮಾತುಗಳ ಹಾಳೆಯನ್ನು ಹಿಂದಿನ ದಿನವೇ ಮನೆಗೆ ಒಯ್ದು, ದೊಡ್ಡಮ್ಮನ ಕೈಲಿ ಓದಿಸಿಕೊಂಡು, ಬಾಯಿಪಾಠ ಮಾಡಿ ಬರುತ್ತಿದ್ದಳು. ಹಾಗಾಗಿ ಮಿಕ್ಕವರ ಕಣ್ಣು ಹಾಳೆಗೂ ಪರದೆಗೂ ಓಡಾಡುತ್ತಿದ್ದರೆ ಅವಳ ಕಣ್ಣು ಪರದೆಯನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ಅವಳ ತಾಯಿಯ ಅಕ್ಕ. ಪಿಸುವನ್ನು ಸಾಕಿದವಳೂ ಆಕೆಯೇ, ಈ ಕೆಲಸಕ್ಕೆ ಹಚ್ಚಿದವಳೂ ಆಕೆಯೇ. ಆ ಕಟ್ಟಡದವರಿಗೆಲ್ಲ ಆಕೆ ದೊಡ್ಡಮ್ಮನೇ. ಸಿನಿಮಾದಲ್ಲಿ ತಾಯಿ ಎಂಬುವಳು ಯಾವ ದೇಶದವಳಾಗಿರಲಿ, ಬಾಯಿ ಬಿಟ್ಟರೆ ಬರುವುದು ದೊಡ್ಡಮ್ಮನ ದನಿ. "ನನ್ನಷ್ಟು ಹೆತ್ತವಳು ಭೂಮಿ ಮೇಲೆ ಇನ್ನೊಬ್ಬಳಿಲ್ಲ, ಒಬ್ಬನಾದ್ರೂ ತಿರುಗಿ ನೋಡಿದ್ನಾ ನೋಡು" ಎಂದು ಆಕೆ ಊಟದ ಹೊತ್ತಿಗೆ ಎಲ್ಲರನ್ನೂ ನಗಿಸುತ್ತಿದ್ದಳು. ನಿಜಕ್ಕೂ ಹೆತ್ತದ್ದು ಒಂದೂ ಇರಲಿಲ್ಲ.

ಈ ಸಲದ್ದು ರಷ್ಯಾದ ಸಿನಿಮಾ. ಅನಾಥಾಲಯದ ಹುಡುಗನೊಬ್ಬ ತನ್ನ ತಾಯಿ ಬದುಕಿದ್ದಾಳೆಂದು ತಿಳಿದು ಅಲ್ಲಿಂದ ಓಡುತ್ತಾನೆ. ಮರದ ದಿಮ್ಮಿ ಸಾಗಿಸುವ ದೋಣಿಯಲ್ಲಿ ಅಡಗಿ ಕೂರುತ್ತಾನೆ, ಹಿಮದಲ್ಲಿ ನಡೆಯುತ್ತಾನೆ, ಕೊನೆಗೆ ತಾಯಿ ಕೆಲಸ ಮಾಡುವ ಆಸ್ಪತ್ರೆಯ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಮೇಲಿನ ಅಂತಸ್ತಿನಲ್ಲಿ ಆಕೆ ಒಳಗಿನಿಂದ ಕಿಟಕಿಯ ಗಾಜು ಒರೆಸುತ್ತಿದ್ದಾಳೆ. ಹುಡುಗ ಕೆಳಗಿನಿಂದ ಕೂಗುತ್ತಾನೆ. ಆಕೆ ಕಿಟಕಿ ತೆರೆಯುತ್ತಾಳೆ. ಅಲ್ಲಿಗೆ ಮುಗಿಯಿತು.

ಆ ಹುಡುಗನ ದನಿ ಪಿಸುವಿನದು. ಅದುವರೆಗೆ ಅವಳು ಕೊಟ್ಟದ್ದೆಲ್ಲ ತೊಟ್ಟಿಲಿನ ಮಗುವಿನ ಅಳು, ಶಾಲೆ ಬಿಟ್ಟಾಗಿನ ಗದ್ದಲ, ಬಿಟ್ಟರೆ ಒಂದು ಮಾತಾಡುವ ಅಳಿಲು. ಒಬ್ಬ ಇಡೀ ಮನುಷ್ಯ ಸಿಕ್ಕಿದ್ದು ಇದೇ ಮೊದಲು. ಹುಡುಗ ಬ್ರೆಡ್ಡು ಕದ್ದು ತಿನ್ನುವಾಗ ಅವಳೂ ಬಾಯಲ್ಲಿ ಒಣ ಬ್ರೆಡ್ಡು ತುಂಬಿಕೊಂಡು ಮಾತಾಡಿದ್ದಳು. ಅವನು ದೋಣಿಯವನ ಕೈ ಕಚ್ಚುವಾಗ ತನ್ನ ಮುಂಗೈಯನ್ನೇ ಕಚ್ಚಿಕೊಂಡಿದ್ದಳು. ಇನ್ನು ಉಳಿದಿದ್ದು ಆ ಕಿಟಕಿಯ ದೃಶ್ಯವೊಂದೇ.

ಕೆಂಪು ದೀಪ ಆರಿತು. ಶಬ್ದದಣ್ಣ ಬಾಗಿಲು ತೆರೆದು ಕೈ ಬೀಸಿದ. ಗಾಜಿನಾಚೆ ಗುಂಡಿಗಳ ಮುಂದೆ ಕೂತು ದನಿಗಳನ್ನು ಹಿಡಿಯುವವನಿಗೆ ಅಲ್ಲಿದ್ದ ಹೆಸರು ಅದು. ಪಿಸು ಕೈ ಒರೆಸಿಕೊಂಡು ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡಳು.

ಹಾಳೆಯಲ್ಲಿದ್ದ ಮಾತು, "ಅಮ್ಮಾ, ನನ್ನ ಬಿಟ್ಟು ಹೋಗ್ಬೇಡಮ್ಮಾ." ಅವಳು ಹೇಳಿದಳು. ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ ಹೇಳಿದಳು. ಗಾಜಿನಾಚೆಯಿಂದ ಡಬ್ಬಿಂಗ್ ನಿರ್ದೇಶಕರ ದನಿ ಬಂತು.

"ಪಿಸು, ಅಳು ಬರ್ತಿಲ್ಲಮ್ಮ."

"ಅವನು ಅಳ್ತಿಲ್ಲ ಸರ್."

"ಕಣ್ಣಲ್ಲಿ ನೀರು ಕಾಣ್ತಿದೆಯಲ್ಲ."

"ಚಳಿಗೂ ಬರುತ್ತೆ."

ಶಬ್ದದಣ್ಣ ಕಿಸಕ್ಕೆಂದ. ನಿರ್ದೇಶಕರು ನಗಲಿಲ್ಲ. ಕೆಟ್ಟವರೇನಲ್ಲ ಅವರು. ಯಾರ ಮೇಲೂ ಕೂಗಾಡಿದವರಲ್ಲ, ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿದ್ದುದನ್ನು ಹಂಚಿಯೇ ತಿನ್ನುತ್ತಿದ್ದರು. ಆದರೆ ಸಿನಿಮಾ ಕೊಂಡವರಿಗೆ ಅವರು ಮಾತು ಕೊಟ್ಟಾಗಿತ್ತು. "ನೋಡಮ್ಮ, ಈ ಸಿನಿಮಾ ನಿಂತಿರೋದೇ ಆ ಒಂದು ಕೂಗಿನ ಮೇಲೆ. ನೋಡ್ತಾ ಕೂತವರು ಸೆರಗು ಒದ್ದೆ ಮಾಡ್ಕೋಬೇಕು. ನೀನು ಕೂಗೋದು ಕೇಳಿದ್ರೆ ಬಾಡಿಗೆ ವಸೂಲಿಗೆ ಬಂದವನ ಥರ ಇದೆ."

"ಅವನು ಇಡೀ ಸಿನಿಮಾದಲ್ಲಿ ಯಾರ ಹತ್ರಾನೂ ಬೇಡಿಲ್ಲ ಸರ್" ಎಂದಳು ಪಿಸು. ಅಷ್ಟು ಉದ್ದದ ಮಾತನ್ನು ಅವಳು ಅವರ ಮುಂದೆ ಆಡಿದ್ದು ಅದೇ ಮೊದಲು. ಆದರೂ ಬಿಡಲಿಲ್ಲ. "ಹಸಿವಾದಾಗ ಕದ್ದ. ದಾರಿ ಬೇಕಾದಾಗ ಸುಳ್ಳು ಹೇಳಿದ. ಈಗ್ಯಾಕೆ ಬೇಡ್ತಾನೆ? ಬಿಟ್ಟು ಹೋದವಳು ಅವಳು. ಹುಡುಕ್ಕೊಂಡು ಬಂದವನು ಇವನು."

ನಿರ್ದೇಶಕರು ಮೆತ್ತಗೆ ಹೇಳಿದರು. "ಊಟ ಮಾಡ್ಕೊಂಡು ಬಾ. ಆಮೇಲೂ ಆಗ್ಲಿಲ್ಲ ಅಂದ್ರೆ ಪಕ್ಕದ ಬೀದಿ ಹುಡುಗೀನ ಕರೆಸ್ತೀನಿ. ಒಂದು ದೃಶ್ಯಕ್ಕೆ ಅವಳು, ಮಿಕ್ಕಿದ್ದಕ್ಕೆ ನೀನು ಅಂದ್ರೆ ಆಗಲ್ಲ. ಮೊದಲಿಂದ ಅವಳೇ ಮಾಡ್ಬೇಕಾಗುತ್ತೆ. ನಿನ್ನ ದನಿ ಪೂರ್ತಿ ಅಳಿಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಪಕ್ಕದ ಬೀದಿ ಹುಡುಗಿ ಯಾರೆಂದು ಪಿಸುವಿಗೆ ಗೊತ್ತಿತ್ತು. ಬಿಸ್ಕತ್ತಿನ ಜಾಹೀರಾತಿಗೂ ಬಿಕ್ಕಬಲ್ಲವಳು.

ಓಣಿಯಂಥ ಮೊಗಸಾಲೆಯಲ್ಲಿ ದೊಡ್ಡಮ್ಮ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು.

"ಏನೇ ನಿನ್ನ ರಗಳೆ? ಅಳು ಅಂದ್ರೆ ಅತ್ತುಬಿಡೋದಪ್ಪ. ನಾನು ಅತ್ತಿಲ್ವಾ? ಪರದೆ ಮೇಲೆ ಸತ್ತ ಗಂಡನ ಮುಖ ಸರಿಯಾಗಿ ನೋಡದೇನೇ ಅತ್ತಿದೀನಿ. ಬೊಂಬೆ ಸಿನಿಮಾದಲ್ಲಿ ಆನೆ ಸತ್ರೂ ಅತ್ತಿದೀನಿ."

"ಆನೆ ನಿನ್ನ ಮಗ ಆಗಿತ್ತಲ್ಲ ದೊಡ್ಡಮ್ಮ."

"ಹೂಂ, ಹಲ್ಲು ಕಿಸಿ. ನಾಳೆ ಅಳಿಲಿನ ಪಾತ್ರಾನೂ ಸಿಗಲ್ಲ." ದೊಡ್ಡಮ್ಮ ತುತ್ತನ್ನು ಡಬ್ಬಿಗೇ ಹಾಕಿದಳು. "ಹೊಟ್ಟೆಪಾಡು ಕಣೇ. ನಿನಗಲ್ದೆ ಇನ್ಯಾರಿಗೆ ಬರ್ಬೇಕು ಆ ಅಳು? ಹೇಳ್ಕೊಡ್ಬೇಕಾ?"

ಆ ಮಾತಿನ ತುದಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಪಿಸುವಿಗೆ ಗೊತ್ತಿತ್ತು. ಅವಳು ನಾಲ್ಕರ ಕೂಸಾಗಿದ್ದಾಗ ತಾಯಿ ಅವಳನ್ನು ದೊಡ್ಡಮ್ಮನ ಮನೆಯ ಮೆಟ್ಟಿಲ ಮೇಲೆ ಕೂರಿಸಿ ಹೋದವಳು ತಿರುಗಿ ಬರಲಿಲ್ಲ. ಅವತ್ತು ದೊಡ್ಡಮ್ಮ ರೆಕಾರ್ಡಿಂಗಿಗೆ ಹೋಗಿದ್ದಳಂತೆ. ಕತ್ತಲಾದ ಮೇಲೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಕೂಸು, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತಂತೆ. "ನಾನು ಮನೇಲಿದ್ದಿದ್ರೆ ಬಿಡ್ತಿದ್ನಾ ಅವಳನ್ನ? ಜುಟ್ಟು ಹಿಡಿದು ಕೂರಿಸ್ತಿದ್ದೆ" ಎನ್ನುತ್ತಿದ್ದಳು ದೊಡ್ಡಮ್ಮ, ಪ್ರತಿ ಸಲವೂ. ಆ ಕಥೆ ತನಗೇ ನೆನಪಿರುವುದೋ, ಕೇಳಿ ಕೇಳಿ ನೆನಪಾದದ್ದೋ ಎಂದು ಪಿಸುವಿಗೆ ಈಗ ಹೇಳಲಾಗುತ್ತಿರಲಿಲ್ಲ. ತಾಯಿಯನ್ನು ಹುಡುಕಬೇಕೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ಮೆಟ್ಟಿಲು ಇನ್ನೂ ಅಲ್ಲೇ ಇತ್ತು. ಬರುವವಳಿಗೆ ದಾರಿ ಗೊತ್ತಿತ್ತು.

ಊಟ ಸೇರದೆ ಅವಳು ಬೇಗನೆ ಒಳಗೆ ಹೋದಳು. ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಹೆಡ್‌ಫೋನ್ ಏರಿಸಿಕೊಂಡಳು. ಅದನ್ನು ಹಾಕಿಕೊಂಡರೆ ಹೊರಗಿನ ಲೋಕ ದೂರವಾಗುತ್ತದೆ, ಅಷ್ಟೇ ಸಾಕಿತ್ತು ಅವಳಿಗೆ.

ಗಾಜಿನಾಚೆಯವರು ಒಳಗಿನವರೊಡನೆ ಮಾತಾಡಬೇಕಾದರೆ ಒಂದು ಗುಂಡಿ ಒತ್ತಿ ಹಿಡಿಯಬೇಕು. ಬಿಟ್ಟರೆ ಮಾತು ನಿಲ್ಲುತ್ತದೆ. ಆ ಗುಂಡಿಯ ಸ್ಪ್ರಿಂಗ್ ಹಾಳಾಗಿ ಯಾವುದೋ ಕಾಲವಾಗಿತ್ತು. ಒತ್ತಿ ಒತ್ತಿ ಬೆರಳು ನೋಯುತ್ತದೆಂದು ಶಬ್ದದಣ್ಣ ಅದರ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿಬಿಡುತ್ತಿದ್ದ, ಮಾತು ಮುಗಿದ ಮೇಲೆ ಕೀಳಲು ಮರೆಯುತ್ತಿದ್ದ. ಯಾರು ಯಾರಿಗೆ ಕೈಗಡ ತಿರುಗಿಸಿಲ್ಲ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ ಎಂಬುದೆಲ್ಲ ಒಳಗೆ ನಿಂತವರ ಕಿವಿಗೆ ಬಿದ್ದು ಎಷ್ಟೋ ಸಲ ನಗೆಯಾಗಿತ್ತು. ಇವತ್ತೂ ಕಡ್ಡಿ ಅಲ್ಲೇ ಇತ್ತು.

ಮೊದಲು ಕೇಳಿಸಿದ್ದು ದೊಡ್ಡಮ್ಮನ ಬಳೆಯ ಸದ್ದು. ಆಮೇಲೆ ಅವಳ ದನಿ, ತೀರ ಹತ್ತಿರ, ಕಿವಿಯೊಳಗೇ.

"ಬೇರೆ ಹುಡುಗಿ ಬೇಡ ಸರ್. ಇವಳ ಕೈಲೇ ಆಗುತ್ತೆ. ಅವರಮ್ಮನ ವಿಷಯ ಎತ್ತಿ ನೀವು. ಮೆಟ್ಟಿಲು ಅಂದ್ರೆ ಸಾಕು."

"ಪಾಪ, ಅದನ್ನೆಲ್ಲ ಕೆದಕೋದು ಸರಿಯಲ್ಲ ದೊಡ್ಡಮ್ಮ."

"ಕೆದಕಿ ಸರ್. ಆ ಕೂಗು ನಾನು ಕೇಳಿದೀನಿ. ನಾನು ಒಳಗೇ ಇದ್ದೆ, ಅಗುಳಿ ಹಾಕ್ಕೊಂಡು. ಅವಳೂ ಒಳಗೇ ಇದ್ಲು, ನನ್ನ ತಂಗಿ. ಕೂಸು ಹೊರಗೆ ಅಮ್ಮಾ ಅಮ್ಮಾ ಅಂತ ಬಾಗಿಲು ಬಡೀತಿತ್ತು. ಕತ್ತಲಾಗ್ಲಿ ಅಂತ ಕಾಯ್ತಾ ಕೂತಿದ್ವಿ ಇಬ್ರೂ. ಆಮೇಲೆ ಹಿತ್ತಲ ಬಾಗಿಲಿಂದ ನಾನೇ ಕಳಿಸ್ದೆ. ಚಿಕ್ಕ ವಯಸ್ಸು ಸರ್ ಅವಳಿಗೆ, ಬೇರೆ ಕಡೆ ಮದುವೆ ಗೊತ್ತಾಗಿತ್ತು, ಕೂಸಿದೆ ಅಂತ ಅವರಿಗೆ ಹೇಳಿರ್ಲಿಲ್ಲ." ಬಳೆ ಮತ್ತೊಮ್ಮೆ ಸದ್ದು ಮಾಡಿತು. "ಅಂಥ ಕೂಗು ಯಾವ ಸಿನಿಮಾದಲ್ಲೂ ನಾನು ಕೇಳಿಲ್ಲ. ಅದಿನ್ನೂ ಅವಳ ಗಂಟಲಲ್ಲೇ ಇದೆ. ಅದನ್ನ ತೆಗೆಸಿ" ಎಂದಳು.

ಪಿಸು ಹೆಡ್‌ಫೋನ್ ಕೀಳಲಿಲ್ಲ. ಎರಡೂ ಕೈಯಲ್ಲಿ ಅದನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ನಿಂತಳು. ಬಾಗಿಲಿಗೆ ಒಳಗಿನಿಂದ ಅಗುಳಿ ಇತ್ತು ಎಂಬುದೊಂದೇ ಮತ್ತೆ ಮತ್ತೆ ತಲೆಯಲ್ಲಿ ಸುತ್ತುತ್ತಿತ್ತು. ಎಷ್ಟೋ ವರ್ಷ ದಿನಾ ಸಂಜೆ ಅದೇ ಅಗುಳಿಯನ್ನು ಅವಳೇ ಹಾಕಿದ್ದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬಂದದ್ದು ಬೇರೆ ಏನೋ, ಒಣಗಿದ್ದು, ಗಟ್ಟಿಯಾದದ್ದು, ನೆಟ್ಟಗೆ ನಿಲ್ಲಿಸುವಂಥದ್ದು.

ದೊಡ್ಡಮ್ಮ ಒಳಗೆ ಬಂದಳು. ಬಳೆ ಬಿಚ್ಚಿಟ್ಟು, ಚಪ್ಪಲಿ ಬಿಟ್ಟು, ಪಕ್ಕದ ಮೈಕಿನ ಮುಂದೆ ನಿಂತಳು. ಹುಡುಗ ಕೂಗಿದ ಮೇಲೆ ಕಿಟಕಿ ತೆರೆದ ತಾಯಿ ಆಡುವ ಮಾತೊಂದು ಆಕೆಯದಿತ್ತು, "ಬಂದೆ ಕಂದ, ಅಲ್ಲೇ ಇರು." ಇಬ್ಬರದೂ ಒಟ್ಟಿಗೇ ಹಿಡಿಯುವುದೆಂದು ಗೊತ್ತಾಗಿತ್ತು.

"ಪಿಸು" ಎಂದರು ನಿರ್ದೇಶಕರು. ಹೇಳಲು ಇಷ್ಟವಿಲ್ಲದ್ದನ್ನು ಹೇಳುವವರ ದನಿ ಅದು. "ಒಂದ್ನಿಮಿಷ ಕಣ್ಣು ಮುಚ್ಕೋಮ್ಮ. ನೀನು ಚಿಕ್ಕವಳಿದ್ದಾಗ, ಆ ಮೆಟ್ಟಿಲ ಮೇಲೆ..."

"ಬೇಡ ಸರ್" ಎಂದಳು ಪಿಸು. "ಕೇಳಿಸ್ಕೊಂಡೆ. ಎಲ್ಲಾನೂ ಕೇಳಿಸ್ಕೊಂಡೆ. ಕಡ್ಡಿ ತೆಗ್ದಿಲ್ಲ ಅಣ್ಣ."

ಗಾಜಿನಾಚೆ ಶಬ್ದದಣ್ಣನ ಕೈ ಗುಂಡಿಯತ್ತ ಹೋಗಿ ಅಲ್ಲೇ ನಿಂತಿತು. ದೊಡ್ಡಮ್ಮ ಅವಳತ್ತ ತಿರುಗಿದಳು. ಪಿಸು ತಿರುಗಲಿಲ್ಲ.

"ಹಾಕಿ ಸರ್" ಎಂದಳು. "ನಾನು ತಯಾರು."

"ಅಳು ಬರುತ್ತಾ?"

"ಇಲ್ಲ ಸರ್. ಬರಲ್ಲ. ಅವನಿಗೂ ಬರಲ್ಲ. ಬೇಡ ಅಂದ್ರೆ ಆಮೇಲೆ ಅಳಿಸಿ, ಆ ಹುಡುಗೀನೇ ಕರೆಸಿ. ಒಂದ್ಸಲ ಮಾತ್ರ ನಾನು ಹೇಳ್ದಂಗೆ ಹಿಡೀರಿ."

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಹಿಮ ಬಿದ್ದ ಅಂಗಳ ಮೂಡಿತು. ಹುಡುಗ ದೊಡ್ಡವರ ಬೂಟು ತೊಟ್ಟು ನಿಂತಿದ್ದ. ಮೇಲೆ, ಗಾಜಿನ ಹಿಂದೆ, ಹೆಂಗಸಿನ ಕೈ ಬಟ್ಟೆ ಹಿಡಿದು ಅತ್ತಿಂದಿತ್ತ ಆಡುತ್ತಿತ್ತು. ಆಕೆ ಅವನನ್ನು ಕಂಡಿದ್ದಳು. ಕಂಡೂ ಒರೆಸುತ್ತಲೇ ಇದ್ದಳು. ಇದನ್ನು ಪಿಸು ಮೊದಲ ದಿನವೇ ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಹುಡುಗ ತಲೆಯೆತ್ತಿದ. ಅವನ ಬಾಯಿ ತೆರೆಯಿತು.

"ಅಮ್ಮಾ."

ಪಿಸು ಅದನ್ನು ಕೂಗಲಿಲ್ಲ, ಬೇಡಲೂ ಇಲ್ಲ. ಬಾಗಿಲು ಬಡಿದ ಹಾಗೆ ಹೇಳಿದಳು. ಅಷ್ಟು ದೊಡ್ಡ ದನಿ ಅವಳೊಳಗಿದೆಯೆಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಹುಡುಗನ ತುಟಿ ಆಡಿತು. ಹಾಳೆಯಲ್ಲಿದ್ದ ಮಾತನ್ನು ಅವಳು ಬಿಟ್ಟೇಬಿಟ್ಟಳು.

"ಒಳಗೇ ಇದ್ಯಲ್ಲ. ಯಾಕೆ ಬರ್ಲಿಲ್ಲ?"

ಪರದೆಯ ಮೇಲೆ ಕಿಟಕಿ ತೆರೆಯಿತು. ತಾಯಿ ಹೊರಗೆ ಬಾಗಿದಳು. ಅವಳ ತುಟಿಗಳು ಆಡಿದವು. ಏನೂ ಕೇಳಿಸಲಿಲ್ಲ. ಇಷ್ಟು ವರ್ಷದಲ್ಲಿ ಒಂದು ತುಟಿಯನ್ನೂ ತಪ್ಪಿಸದ ದೊಡ್ಡಮ್ಮ ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದಳು. ಗಾಜಿನಾಚೆ ನಿರ್ದೇಶಕರು ನಿಲ್ಲಿಸು ಎನ್ನಲಿಲ್ಲ. ಶಬ್ದದಣ್ಣನೂ ಯಂತ್ರ ನಿಲ್ಲಿಸಲಿಲ್ಲ. ಹಿಮದ ಅಂಗಳ ಮಬ್ಬಾಗಿ, ಪರದೆ ಕಪ್ಪಾಯಿತು. ಕೆಂಪು ದೀಪ ಉರಿಯುತ್ತಲೇ ಇತ್ತು.

ಪಿಸು ಒಂದು ಕಿವಿಯ ಹೆಡ್‌ಫೋನ್ ಸರಿಸಿ ಪಕ್ಕಕ್ಕೆ ತಿರುಗಿದಳು.

"ಈಗ ನಿನ್ನ ಮಾತು ದೊಡ್ಡಮ್ಮ. ಹೇಳು."