ಮರಿಗೆ ನಲವತ್ತು ದಿನ ಸಾಲದು

ನಮ್ಮೂರಿನಲ್ಲಿ ಹಿಂದೆ ನಾಯಿಮರಿ ಬೇಕಾದರೆ ಯಾರ ಮನೆಯ ನಾಯಿ ಮರಿ ಹಾಕಿದೆ ಎಂದು ವಿಚಾರಿಸುತ್ತಿದ್ದರು. ಬೇಲಿಯಾಚೆ ನಿಂತು ನೋಡಿ, ಹಾಲು ಬಿಡುವವರೆಗೆ ಕಾದು, ಬುಟ್ಟಿಯಲ್ಲಿ ಎತ್ತಿಕೊಂಡು ಬರುತ್ತಿದ್ದರು. ಈಗ ಫೋನ್ ತೆರೆಯುತ್ತಾರೆ. ಫೋನಿನಲ್ಲಿ ಮರಿ ಟೀ ಕಪ್ಪಿನೊಳಗೆ ಕುಳಿತಿರುತ್ತದೆ. ಕಪ್ಪಿನ ಅಂಚಿನ ಮೇಲೆ ಎರಡು ಕಿವಿ, ಎರಡು ಕಣ್ಣು. ನೋಡಿದವರ ಮನಸ್ಸು ಅಲ್ಲೇ ಸೋಲುತ್ತದೆ.

ನನ್ನ ಮನಸ್ಸೂ ಸೋತಿತು.

ನಾನು ರಲಿತ್ಸಾ, ಅಜ್ಜಿಯ ಬಾಯಲ್ಲಿ ರಾಲೆ. ಡ್ಯಾನ್ಯೂಬ್ ನದಿಯ ಬಲದಂಡೆಯ ಹಳ್ಳಿಯೊಂದರಲ್ಲಿ ಅಂಚೆ ಕಚೇರಿ ನೋಡಿಕೊಳ್ಳುತ್ತೇನೆ. ಅಜ್ಜಿಯ ಕಥೆ ಕೇಳಿ ಬೆಳೆದವಳು. ಆ ಕಥೆಗಳಲ್ಲಿ ಅಂಗೈಯಷ್ಟು ಚಿಕ್ಕ ಜೀವ ಎದುರಾದರೆ ಅದು ವರ ಕೊಡುತ್ತಿತ್ತು. ಅದಕ್ಕೆ ಹಸಿವಾಗುತ್ತಿರಲಿಲ್ಲ, ಚಳಿಯಾಗುತ್ತಿರಲಿಲ್ಲ, ಕಾಯಿಲೆ ಬರುತ್ತಿರಲಿಲ್ಲ. ಅಂಥ ಒಂದು ಜೀವವನ್ನೇ ಅಜ್ಜಿಗೆ ತಂದುಕೊಡಬೇಕೆಂದು ನನಗೆ ಆಸೆ.

ಅಜ್ಜಿಯ ಹೆಸರು ನೇದಾ. ಊರಿಗೆಲ್ಲ ನೇದಜ್ಜಿ. ಮೂವತ್ತೊಂದು ವರ್ಷ ಈ ಊರಿನ ಸೂಲಗಿತ್ತಿಯಾಗಿದ್ದವಳು. ಜನವರಿ ಇಪ್ಪತ್ತೊಂದು ನಮ್ಮಲ್ಲಿ ಸೂಲಗಿತ್ತಿಯರ ಹಬ್ಬ. ಅಂದು ಊರಿನ ತಾಯಂದಿರೆಲ್ಲ ಬಂದು ಅಜ್ಜಿಯ ಕೈಗೆ ನೀರು ಹೊಯ್ದು, ಸೋಪು, ಟವೆಲ್ಲು ಕೊಟ್ಟು, ಕೊರಳಿಗೆ ಕೆಂಪು ಮೆಣಸಿನಕಾಯಿಯ ಸರ ಹಾಕುತ್ತಾರೆ, ತಾವೂ ಒಂದೊಂದು ಹಾಕಿಕೊಳ್ಳುತ್ತಾರೆ. ಗಂಡಸರು ಹೊಸ್ತಿಲು ದಾಟುವಂತಿಲ್ಲ.

ಈ ವರ್ಷ ಹಬ್ಬದ ಬೆಳಿಗ್ಗೆ, ಫೋನಿನಲ್ಲಿ ಮಾತಾಡಿಕೊಂಡಿದ್ದಂತೆ, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಮರಿ ಮಾರುವವನನ್ನು ಕಂಡೆ. ಅವನು ಕಾರಿನ ಡಿಕ್ಕಿ ತೆಗೆದು, ರಟ್ಟಿನ ಪೆಟ್ಟಿಗೆಯಿಂದ ಚಿವಾವಾ ಎಂಬ ಪುಟಾಣಿ ಜಾತಿಯ ಒಂದು ಮರಿಯನ್ನು ಎತ್ತಿ ನನ್ನ ಕೈಗಿಟ್ಟ. ಹೆಣ್ಣುಮರಿ. ನನ್ನ ಕೈಗವಸಿಗಿಂತ ಹಗುರ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ನಲವತ್ತು ದಿನ ತುಂಬಿದೆಯಾ?"

ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಅದೇ ಲೆಕ್ಕ. ಬಾಣಂತಿಯೂ ಕೂಸೂ ನಲವತ್ತು ದಿನ ಹೊಸ್ತಿಲು ದಾಟಬಾರದು. ದಾಟಿದರೆ ನಾವಿಗಳು, ಅಂದರೆ ಹಕ್ಕಿಯ ರೂಪದ ಕೆಟ್ಟ ಆತ್ಮಗಳು, ಬಂದು ಕೂಸನ್ನು ಮುಟ್ಟುತ್ತವೆ ಎಂದು ಅಜ್ಜಿ ಹೇಳುತ್ತಿದ್ದಳು. ನಲವತ್ತು ತುಂಬಿದರೆ ಭಯವಿಲ್ಲ.

"ನಲವತ್ತೊಂದು," ಎಂದ ಅವನು ತಟ್ಟನೆ. "ಹಾಲು ಕೊಡಿ, ಸಾಕು. ದೊಡ್ಡದಾಗೋ ಜಾತಿಯಲ್ಲ ಇದು."

ನಲವತ್ತೊಂದು! ನಾನು ಖುಷಿಯಿಂದ ಮರಿಯನ್ನು ಕೋಟಿನೊಳಗೆ ಸೇರಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಹೆಂಗಸರಿಂದ ತುಂಬಿಹೋಗಿತ್ತು. ಹುರಿದ ಕೋಳಿ, ಪದರಗಳ ನಡುವೆ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ, ದುಂಡನೆಯ ರೊಟ್ಟಿ, ಬಟ್ಟಲು ತುಂಬ ಜೇನು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ. ನಾನು ಮರಿಯನ್ನು ಅಜ್ಜಿಯ ಮಡಿಲಿಗಿಟ್ಟಾಗ ಎಲ್ಲರೂ ಸುತ್ತ ನೆರೆದರು. ಅಜ್ಜಿಯ ಕಣ್ಣು ತುಂಬಿತು.

"ಅಯ್ಯೋ ನನ್ನ ಕಾಳೇ," ಎಂದಳು. ಹಾಗಾಗಿ ಅದರ ಹೆಸರು ಬೋಬ್ಚೆ ಎಂದಾಯಿತು. ನಮ್ಮ ಮಾತಿನಲ್ಲಿ ಪುಟ್ಟ ಕಾಳು ಎಂದರ್ಥ.

ಎಲ್ಲರ ನಡುವೆ ಸೆವ್ದಕ್ಕ ಮಾತ್ರ ನಗಲಿಲ್ಲ. ಆಕೆ ನಮ್ಮ ಪಕ್ಕದ ತುರ್ಕರ ಮನೆಯವಳು, ಪಟ್ಟಣದ ಪಶು ಆಸ್ಪತ್ರೆಯಲ್ಲಿ ಸಹಾಯಕಿ. ಆಕೆಯ ಇಬ್ಬರು ಮಕ್ಕಳೂ ಅಜ್ಜಿಯ ಕೈಯಲ್ಲೇ ಹುಟ್ಟಿದವರು. ಮರಿಯ ತುಟಿಯನ್ನು ಮೆಲ್ಲಗೆ ಎತ್ತಿ ನೋಡಿದಳು.

"ನೇದಜ್ಜಿ, ಇದಕ್ಕೆ ಮುಂದಿನ ಹಲ್ಲು ಈಗಷ್ಟೇ ಮೂಡ್ತಿದೆ. ತೀರಾ ಎಳೆಗೂಸು. ಎಲ್ಲರ ಕೈಗೆ ಕೊಡ್ಬೇಡಿ. ಬೆಚ್ಚಗೆ ಮಲಗಿಸಿ, ಮೂರು ಗಂಟೆಗೊಂದ್ಸಲ ಏನಾದ್ರೂ ತಿನ್ನಿಸ್ಬೇಕು."

"ಹೋಗೇ ಸೆವ್ದಾ! ಆಗ್ಲೇ ನಲವತ್ತೊಂದು ದಿನ ಆಗಿದೆ. ನಿನ್ನ ಗಂಡುಮಗು ಏಳು ತಿಂಗಳಿಗೇ ಹುಟ್ಟಿದಾಗ ಹತ್ತಿಯಲ್ಲಿ ಸುತ್ತಿ ಉಳಿಸಿದೋಳು ನಾನು. ಮುಷ್ಟಿಯಷ್ಟು ನಾಯಿ ನಂಗೇನು ಹೆಚ್ಚು?"

"ಇನ್ನೇನು, ನಾಯಿಗೂ ಜನನ ಪ್ರಮಾಣಪತ್ರ ತಾ ಅಂತಾಳೆ ಇವಳು," ಎಂದಳು ಗಿನ್ಕಾ. ಊರಿನ ಬೇಕರಿಯವಳು ಆಕೆ, ದನಿಯೂ ದೊಡ್ಡದು, ನಗುವೂ ದೊಡ್ಡದು. ಮನೆಯೆಲ್ಲ ನಕ್ಕಿತು.

ಆಮೇಲೆ ಹಾಡು, ಕುಣಿತ. ಬೋಬ್ಚೆ ಕೈಯಿಂದ ಕೈಗೆ ಹೋಯಿತು. ತಟ್ಟೆಯಲ್ಲಿ ಹಸುವಿನ ಹಾಲು ಇಟ್ಟೆವು. ಅದು ಮೂಸಿ ಮುಖ ತಿರುಗಿಸಿತು. ಹೊಸ ಜಾಗ, ಸಂಕೋಚ ಇರಬೇಕು ಎಂದುಕೊಂಡೆ. ಯಾರೋ ಒಳಬರುವಾಗ, ಹೊರಹೋಗುವಾಗ ಬಾಗಿಲು ತೆರೆದೇ ಉಳಿಯುತ್ತಿತ್ತು. ಹಿಮದ ಗಾಳಿ ನುಗ್ಗುತ್ತಿತ್ತು. ಬೆಳಿಗ್ಗೆಯಿಂದ ಮರಿಯ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂಬುದು ಇಪ್ಪತ್ತು ಜನ ತಾಯಂದಿರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಿನ್ಕಾ ಅದನ್ನು ಮೇಜಿನ ಮೇಲೆ ಬಿಟ್ಟಳು. ಮರಿ ನಾಲ್ಕು ಹೆಜ್ಜೆ ಇಟ್ಟು ವಾಲಿತು. ಮತ್ತೆ ಎದ್ದು ಮತ್ತೊಂದು ಕಡೆಗೆ ವಾಲಿತು.

"ನೋಡ್ರೇ, ಹೇಗೆ ತೂರಾಡ್ತಿದೆ! ಯಾರೇ ಇದಕ್ಕೆ ರಾಕಿಯಾ ಕುಡಿಸಿದ್ದು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮರಿ ಕುಸಿದುಬಿತ್ತು. ಕಾಲುಗಳು ಒಮ್ಮೆ ಅದುರಿ, ಒದ್ದೆ ಬಟ್ಟೆಯ ಹಾಗೆ ಸಡಿಲವಾದವು.

"ಬಿಡಿ ಜಾಗ!" ಸೆವ್ದಕ್ಕ ಮುನ್ನುಗ್ಗಿದಳು.

ಅಜ್ಜಿ ಆಗಲೇ ಚಮಚದಲ್ಲಿ ಹಾಲು ತುಂಬಿ ಅದರ ಬಾಯಿಗೆ ತಂದಿದ್ದಳು.

"ಬೇಡ ಅಜ್ಜಿ! ಎಚ್ಚರ ಇಲ್ದಾಗ ಸುರಿದ್ರೆ ಪುಪ್ಪುಸಕ್ಕೆ ಹೋಗುತ್ತೆ. ಜೇನು ಕೊಡಿ ಇಲ್ಲಿ."

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಎಚ್ಚರ ತಪ್ಪಿದ ಕೂಸಿನ ಬಾಯಿಗೆ ಏನೂ ಹಾಕಬಾರದೆಂದು ಎಷ್ಟೋ ತಾಯಂದಿರಿಗೆ ಹೇಳಿಕೊಟ್ಟವಳೇ ಅವಳು.

ಸೆವ್ದಕ್ಕ ಬೆರಳ ತುದಿಗೆ ಒಂದಿಷ್ಟೇ ಜೇನು ತಗೊಂಡು ಮರಿಯ ವಸಡಿಗೆ ಉಜ್ಜಿದಳು. ವಸಡು ಬಿಳಿಚಿಕೊಂಡು ತಣ್ಣಗಿತ್ತು. ಬಿಸಿನೀರಿನ ಬಾಟಲಿಗೆ ಹಬ್ಬದ ಹೊಸ ಟವೆಲ್ ಸುತ್ತಿಸಿ, ಅದರ ಪಕ್ಕದಲ್ಲಿ ಮರಿಯನ್ನಿಟ್ಟು ತನ್ನ ಸ್ವೆಟರಿನೊಳಗೆ ಹುದುಗಿಸಿಕೊಂಡಳು. "ಯಾರಾದ್ರೂ ಕಾರು ತೆಗೀರಿ. ಜೇನು ಬರೀ ದಾರಿ ಸಾಗಿಸೋಕೆ. ಡಾಕ್ಟರ್ ನೋಡ್ಲೇಬೇಕು."

ಕಾರು ತೆಗೆದವಳು ಗಿನ್ಕಾ. ಕೊರಳಲ್ಲಿದ್ದ ಮೆಣಸಿನಕಾಯಿ ಸರ ತೆಗೆಯಲೂ ಮರೆತಿದ್ದಳು. ಹಬ್ಬದ ದಿನವಾದರೂ ಆಕೆ ರಾಕಿಯಾ ಮುಟ್ಟಿರಲಿಲ್ಲ. ಸಂಜೆ ಬೇಕರಿಯ ಒಲೆ ಹಚ್ಚಬೇಕಿತ್ತು. ಹನ್ನೆರಡು ಕಿಲೋಮೀಟರ್ ದಾರಿಯುದ್ದಕ್ಕೂ ಆಕೆ ಒಂದೇ ಒಂದು ಮಾತೂ ಆಡಲಿಲ್ಲ. ಗಿನ್ಕಾ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅಂದೇ.

ಆಸ್ಪತ್ರೆಯಲ್ಲಿ ಡಾಕ್ಟರ್ ಹನಿಹನಿಯಾಗಿ ಸಕ್ಕರೆ ನೀರು ಏರಿಸಿದರು. ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು. ಮೈ ತಣ್ಣಗಾಗಿತ್ತು. ತೂಕ ಮುನ್ನೂರು ಗ್ರಾಂ. "ಮೂವತ್ತೆರಡು ದಿನದ ಮೇಲಿಲ್ಲ," ಎಂದರು. "ಈ ರಾತ್ರಿ ಇಲ್ಲೇ ಇರಲಿ. ನಾಳೆ ಮಾತಾಡೋಣ."

ಹೊರಗಿನ ಬೆಂಚಿನ ಮೇಲೆ ಅಜ್ಜಿ ಕೈಕಟ್ಟಿ ಕುಳಿತಿದ್ದಳು.

"ನಲವತ್ತೊಂದು ಅಂದಿದ್ನಂತಲ್ಲೇ," ಎಂದಳು ಕೊನೆಗೆ.

"ಸುಳ್ಳು ಹೇಳಿದ್ದಾನೆ ಅಜ್ಜಿ," ಎಂದಳು ಸೆವ್ದಕ್ಕ. "ಆದ್ರೆ ನಲವತ್ತೊಂದೇ ಆಗಿದ್ರೂ ಸಾಲ್ತಿರ್ಲಿಲ್ಲ. ನಮ್ಮ ತುರ್ಕರ ಮನೆಗಳಲ್ಲೂ ಬಾಣಂತಿಗೆ ನಲವತ್ತೇ ದಿನ. ನಲವತ್ತೊಂದನೇ ದಿನ ಏನ್ಮಾಡ್ತೀವಿ? ಮಗೂನ ಹೊರಗೆ ತರ್ತೀವಿ. ತಾಯಿಯಿಂದ ಕಿತ್ತು ಬೇರೆಯವರಿಗೆ ಕೊಡ್ತೀವಾ?"

ಕೊಡುವುದಿಲ್ಲವೆಂದು ಅಜ್ಜಿ ತಲೆಯಾಡಿಸಿದಳು. ಸೆವ್ದಕ್ಕ ಮುಂದುವರಿಸಿದಳು.

"ಯಾವ ಮರಿಯನ್ನಾದ್ರೂ ಎಂಟು ವಾರಕ್ಕಿಂತ ಮೊದಲು ಬಿಡಿಸ್ಲೇಬಾರ್ದು. ಇಂಥ ಪುಟಾಣಿ ಜಾತಿಗೆ ಹನ್ನೆರಡು ವಾರ ತಾಯಿ ಹತ್ರ ಇದ್ರೆ ಒಳ್ಳೇದು. ಇವುಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ಅಂತ ಏನೂ ಇರಲ್ಲ. ಒಂದು ಹೊತ್ತು ತಪ್ಪಿದ್ರೆ ಸಕ್ಕರೆ ಇಳಿದುಹೋಗುತ್ತೆ, ಚಳಿ ಬೇರೆ. ತೂರಾಡೋದು, ಮಂಕಾಗೋದು, ನಡುಗೋದು, ಅದೇ ಗುರುತು. ನಾವು ನಕ್ವಲ್ಲ, ಅದು."

ಅಜ್ಜಿ ನನ್ನ ಕಡೆ ತಿರುಗಿದಳು. "ರಾಲೆ, ಇದರ ತಾಯೀನ ನೋಡಿದ್ಯೇನೇ?"

"ಇಲ್ಲ ಅಜ್ಜಿ. ಡಿಕ್ಕಿಯಲ್ಲಿ ಪೆಟ್ಟಿಗೆ ಒಂದೇ ಇತ್ತು."

ಬೈಯುತ್ತಾಳೆ ಎಂದುಕೊಂಡೆ. ಅವಳು ತನ್ನ ಕೈಗಳನ್ನೇ ನೋಡಿಕೊಂಡಳು.

"ನೀನು ಹುಡುಗಿ, ನಿನಗೆ ಹೊಳೆಯಲಿಲ್ಲ. ನಾನು ಮೂವತ್ತೊಂದು ವರ್ಷ ಸೂಲಗಿತ್ತಿ. ಕೂಸು ಕೈಗೆ ಬಂದ ಕೂಡ್ಲೇ ನನ್ನ ಮೊದಲ ಮಾತು ಒಂದೇ. ತಾಯಿ ಹೇಗಿದಾಳೆ? ಇವತ್ತು ಈ ಕೂಸನ್ನ ಮಡಿಲಿಗೆ ಹಾಕ್ಕೊಂಡು ಅದೊಂದು ಮಾತು ಕೇಳ್ಲಿಲ್ಲ ನೋಡು."

ಮರುದಿನ ಬೋಬ್ಚೆ ತಲೆ ಎತ್ತಿತು. ಮೂರನೆಯ ದಿನ ಮನೆಗೆ ಬಂತು. ಅಜ್ಜಿ ಅದರ ತಲೆ ಸವರುತ್ತ ನಡುವೆ ಬೆರಳು ನಿಲ್ಲಿಸಿದಳು. ನೆತ್ತಿ ಮೆತ್ತಗಿತ್ತು, ಹಸುಗೂಸಿನ ಹಾಗೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಬಾಣಂತನ ಶುರುವಾಯಿತು, ತಾಯಿಯಿಲ್ಲದ ಬಾಣಂತನ. ಹಸುವಿನ ಹಾಲು ನಿಂತಿತು. ಅದರಿಂದ ಎಳೆಮರಿಗೆ ಭೇದಿ ಹತ್ತುತ್ತದೆ ಎಂದಿದ್ದರು ಡಾಕ್ಟರ್. ಆಸ್ಪತ್ರೆಯಿಂದ ತಂದ ಮರಿಗಳ ಹಾಲಿನಪುಡಿ ಕಲಸಿ, ಮೂರು ಗಂಟೆಗೊಮ್ಮೆ ಗಡಿಯಾರ ಕೂಗಿದಾಗಲೆಲ್ಲ ಅಜ್ಜಿಯೋ ನಾನೋ ಏಳುತ್ತಿದ್ದೆವು. ಕುರ್ಚಿ, ಮಂಚದ ಮೇಲೆ ಬಿಡುವುದಿಲ್ಲ; ಹಾರಿದರೆ ಕಡ್ಡಿಯಂಥ ಕಾಲು ಮುರಿದೀತು. ಗೇಟಿಗೆ ಅಜ್ಜಿ ಕೆಂಪು ದಾರ ಕಟ್ಟಿದಳು, ಬಾಣಂತಿ ಮನೆಗೆ ಕಟ್ಟುವ ಹಾಗೆ.

ಗಿನ್ಕಾ ರೊಟ್ಟಿ ಹಿಡಿದು ಬಂದಾಗ ಅಜ್ಜಿ ಅವಳನ್ನು ಬಾಗಿಲಲ್ಲೇ ತಡೆದಳು.

"ಅಲ್ಲಾ ಅಜ್ಜಿ, ನನ್ನ ಮೂರು ಮಕ್ಕಳನ್ನ ಈ ಭೂಮಿಗೆ ತಂದೋಳು ನೀನು. ನನ್ನನ್ನೇ ಹೊರಗೆ ನಿಲ್ಲಿಸ್ತೀಯಾ?"

"ಬೂಟು ಬಿಚ್ಚು. ಕೈ ತೊಳಿ. ಆಮೇಲೆ ಮಾತು."

"ನಾವಿಗಳು ನನ್ನ ಬೂಟಲ್ಲಿ ಕೂತಿದಾವಾ?"

"ಕೂತಿದಾವೆ. ಸೆವ್ದಾ ಹೇಳಿದಾಳೆ. ನಾಯಿಗಳಿಗೆ ಬರೋ ರಕ್ತಭೇದಿ ರೋಗ ಬೀದಿಯಿಂದ ಬೂಟಿನಲ್ಲೇ ಒಳಗೆ ಬರುತ್ತಂತೆ. ಇದಕ್ಕೆ ಚುಚ್ಚುಮದ್ದು ಇನ್ನೂ ಆಗಿಲ್ಲ."

ಗಿನ್ಕಾ ಗೊಣಗುತ್ತ ಬೂಟು ಬಿಚ್ಚಿದಳು. ಅವಳ ಕಾಲುಚೀಲಕ್ಕೆ ತೂತಿತ್ತು. ಅಜ್ಜಿ ಅದನ್ನೂ ಎತ್ತಿ ಆಡಿದಳು.

ಮಾರುವವನ ನಂಬರಿಗೆ ನಾನು ಎಷ್ಟೋ ಸಲ ಕರೆ ಮಾಡಿದೆ, ಹೋಗಲೇ ಇಲ್ಲ. ಸೆವ್ದಕ್ಕನ ಜೊತೆ ಹೋಗಿ ಪಶು ಇಲಾಖೆಯಲ್ಲಿ ದೂರು ಬರೆದುಕೊಟ್ಟೆ. ಏನಾಯಿತೋ ಇನ್ನೂ ತಿಳಿದಿಲ್ಲ. ಬೋಬ್ಚೆಗೆ ಎಂಟು ವಾರವಾದಾಗ ಮೊದಲ ಚುಚ್ಚುಮದ್ದು ಬಿತ್ತು. ಅಂದು ಅದು ಮೊದಲ ಬಾರಿಗೆ ಬೊಗಳಿತು, ಅದೂ ಡಾಕ್ಟರನ್ನು ನೋಡಿ.

ಮಾರ್ಚ್ ಒಂದರಂದು ನಾವೆಲ್ಲ ಆರೋಗ್ಯಕ್ಕೆಂದು ಕೆಂಪು ಬಿಳಿ ದಾರ ಕಟ್ಟಿಕೊಳ್ಳುತ್ತೇವೆ. ಮರ ಹೂಬಿಟ್ಟ ದಿನ ಬಿಚ್ಚಿ ಕೊಂಬೆಗೆ ಕಟ್ಟುತ್ತೇವೆ. ಬೋಬ್ಚೆಗೂ ಅಜ್ಜಿ ಒಂದು ಎಳೆ ಕಟ್ಟಿದ್ದಳು. ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಹಿತ್ತಿಲಿನ ಪ್ಲಮ್ ಮರ ಬೆಳ್ಳಗಾಗಿತ್ತು. ಅಷ್ಟರಲ್ಲಿ ಗಿನ್ಕಾ ಫೋನ್ ಹಿಡಿದು ಬಂದಳು. ಅವಳ ಮಗಳಿಗೂ ಇಂಥದ್ದೇ ಮರಿ ಬೇಕಂತೆ. ಪರದೆಯ ಮೇಲೆ ಟೀ ಕಪ್ಪು, ಎರಡು ಕಿವಿ.

"ಫೋನ್ ಹಚ್ಚು," ಎಂದಳು ಅಜ್ಜಿ. "ತಾಯೀನ ನೋಡ್ಬೇಕು, ಎಲ್ಲಿಗೆ ಬರ್ಲಿ ಅಂತ ಕೇಳು."

ಗಿನ್ಕಾ ಕೇಳಿದಳು. ಆ ಕಡೆಯವನು ತಾಯಿ ದೂರದ ಊರಲ್ಲಿದೆ ಎಂದ. ಗಿನ್ಕಾ, ಎಷ್ಟೇ ದೂರವಾದರೂ ಬರುತ್ತೇನೆ, ಕಾರಿದೆ ಎಂದಳು. ಫೋನ್ ಕಟ್ಟಾಯಿತು.

"ಥೂ, ಇವನ ಮುಖಕ್ಕೆ!" ಎಂದಳು ಗಿನ್ಕಾ. ಈಗ ಆಕೆ ನದಿಯ ಕೆಳಗಿನ ಊರಿನಲ್ಲಿ ಒಂದು ಮನೆ ಹುಡುಕಿದ್ದಾಳೆ. ಅಲ್ಲಿ ತಾಯಿ ಮರಿಗಳ ಜೊತೆಗೇ ಇದೆ. ಮನೆಯಾಕೆ ಇನ್ನೂ ಏಳು ವಾರ ಕೊಡುವುದಿಲ್ಲ ಎಂದಿದ್ದಾಳೆ. ಗಿನ್ಕಾ ಪ್ರತಿ ಭಾನುವಾರ ಹೋಗಿ ಕಾಯುತ್ತಾಳೆ. ಅವಳು ಕಾಯುತ್ತಿರುವುದೇ ಊರಿಗೆ ದೊಡ್ಡ ಸುದ್ದಿ.

ಅಂದು ಅಜ್ಜಿ ಬೋಬ್ಚೆಯನ್ನು ಏಪ್ರನ್ನಿನಲ್ಲಿ ಎತ್ತಿಕೊಂಡೇ ಮರದ ಹತ್ತಿರ ಬಂದಳು. ಚುಚ್ಚುಮದ್ದು ಇನ್ನೂ ಪೂರ್ತಿಯಾಗದ ಕಾರಣ ಕಾಲು ನೆಲಕ್ಕೆ ತಾಗಿಸಲಿಲ್ಲ. ನಾನು ಬೆರಳು ಮಡಿಸಿ ಎಣಿಸಿದೆ. ಮರಿಗೆ ಅಂದಿಗೆ ಸರಿಯಾಗಿ ಹನ್ನೆರಡು ವಾರ. ಅದು ನಮ್ಮ ಮನೆಗೆ ಬರಬೇಕಾಗಿದ್ದ ದಿನ ಅದು.

ಅಜ್ಜಿ ಮರಿಯ ದಾರ ಬಿಚ್ಚಿ ಕೊಂಬೆಗೆ ಕಟ್ಟಿದಳು. ಆಮೇಲೆ ಜೇಬಿನಿಂದ ಇನ್ನೊಂದು ದಾರ ತೆಗೆದು ಅದರ ಪಕ್ಕದಲ್ಲೇ ಕಟ್ಟಿದಳು.

"ಇದು ಯಾರದ್ದು ಅಜ್ಜಿ?"

"ಇದರ ತಾಯೀದು," ಎಂದಳು. "ಎಲ್ಲಿದೆಯೋ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಬೋಬ್ಚೆ ಬದುಕಿದ್ದು ಸೆವ್ದಕ್ಕ ಆ ಮನೆಯಲ್ಲಿದ್ದದ್ದಕ್ಕೆ. ಎಲ್ಲ ಮನೆಯಲ್ಲೂ ಸೆವ್ದಕ್ಕ ಇರುವುದಿಲ್ಲ. ನಿಮಗೂ ಪುಟಾಣಿ ನಾಯಿ ಬೇಕೆನಿಸಿದರೆ ತಪ್ಪಿಲ್ಲ, ತನ್ನಿ. ಆದರೆ ಹಬ್ಬದ ದಿನಕ್ಕೆಂದು ಅವಸರ ಮಾಡಬೇಡಿ. ಹನ್ನೆರಡು ವಾರ ತುಂಬಲಿ, ಮೊದಲ ಚುಚ್ಚುಮದ್ದಿನ ಚೀಟಿ ಕೈಗೆ ಬರಲಿ. ಮನೆಗೆ ಬಂದ ಮೇಲೆ ಹೊತ್ತು ಹೊತ್ತಿಗೆ ತಿನ್ನಿಸಿ, ಬೆಚ್ಚಗಿಡಿ. ಮರಿ ತೂರಾಡಿದರೆ ನಗಬೇಡಿ. ವಸಡಿಗೆ ಜೇನು ಸವರಿ, ಕೂಡಲೇ ಪಶು ವೈದ್ಯರ ಹತ್ತಿರ ಓಡಿ. ಡಿಕ್ಕಿಯಿಂದ, ಪೆಟ್ಟಿಗೆಯಿಂದ ಮರಿ ತೆಗೆದುಕೊಡುವವನ ಮುಂದೆ ನಿಂತಾಗ, ಅದರ ಕಣ್ಣಿಗೆ ಸೋಲುವ ಮೊದಲು ನಮ್ಮ ನೇದಜ್ಜಿಯ ಮಾತು ಒಮ್ಮೆ ಗಟ್ಟಿಯಾಗಿ ಕೇಳಿಬಿಡಿ: ಇದರ ತಾಯಿ ಎಲ್ಲಿ?