ಮಾವನ ಮೊಣಕಾಲು

ಬೆಳಿಗ್ಗೆ ಏಳೂ ನಲವತ್ತಕ್ಕೆ ಮಾವ ಎದ್ದು ನಿಂತರು. ಹದಿನೆಂಟು ಮೊಟ್ಟೆ ಒಡೆದವು.

"ಕೂತ್ಕೊಳ್ಳೋ, ಮುದಿಗೂಬೆ! ಯಾವನ್ ಹೇಳ್ದ ಏಳಕ್ಕೆ?" ಮೇಸ್ತ್ರಿ ಕಿರುಚಿದ.

"ಧಣಿ ಬಂದ್ರಲ್ಲ, ಸ್ವಾಮಿ."

"ದಿನಕ್ಕೆ ನಾಲ್ಕ್ ಸಲ ಬರ್ತಾರೆ. ಅವರು ಕಕ್ಕಸಿಗೆ ಹೋಗೋ ದಾರಿನೇ ಇದು! ಇನ್ನೊಂದ್ಸಲ ಎದ್ರೆ ಕೆಲಸದಿಂದ ತೆಗೀತೀನಿ."

ಮೊಟ್ಟೆ ಪ್ಯಾಕಿಂಗ್ ಶೆಡ್ಡಿನಲ್ಲಿ ನಾವು ಇಪ್ಪತ್ತೆರಡು ಮಂದಿ, ಎಲ್ಲರೂ ಹೊರದೇಶದಿಂದ ಬಂದವರು. ಬೆಲ್ಟಿನ ಮೇಲೆ ಬರುವ ಮೊಟ್ಟೆಗಳನ್ನು ಸ್ಟೂಲಿನ ಮೇಲೆ ಕುಳಿತು ಟ್ರೇಗೆ ತುಂಬಬೇಕು. ಕೊನೆಯ ಜಾಗ ಮಾವನದು. ಅವರು ಕೈ ಬಿಟ್ಟರೆ ಮೊಟ್ಟೆ ನೆಲಕ್ಕೆ. ನಮ್ಮ ಮನೆಯ ನಾಲ್ವರಿಗೂ ವಾಸದ ಪರವಾನಗಿ ಸಿಕ್ಕಿದ್ದು ಅವರ ಕೆಲಸದ ಹೆಸರಿನಲ್ಲಿ.

ಊರಿನಲ್ಲಿ ಮಾವನ ಅಪ್ಪ ಒಮ್ಮೆ ಜ್ವರ ಬಂದು, ಜಮೀನ್ದಾರ ಬಂದಾಗ ಏಳದೆ ಮಲಗಿದ್ದರಂತೆ. ಆಳುಗಳು ಚಾಪೆ ಸಮೇತ ಎತ್ತಿ ನಿಲ್ಲಿಸಿ ಹೊಡೆದರು. ಮಾವನಿಗೆ ಆಗ ಆರು ವರ್ಷ. ಅಂದಿನಿಂದ ಬೂಟಿನ ಸದ್ದು ಕೇಳಿದರೆ ಮೊದಲು ಮೊಣಕಾಲು ಏಳುತ್ತದೆ, ಆಮೇಲೆ ಮಾವ.

ಆ ಸಂಜೆ ಅಡುಗೆಮನೆಯಲ್ಲಿ, ಧಣಿ ಬಂದರೂ ಏಳದೆ ಕುಳಿತಿರುವ ಅಭ್ಯಾಸ ಶುರುವಾಯಿತು. ನನ್ನ ಗಂಡನ ಬೂಟು ಹಾಕಿಕೊಂಡು ಅತ್ತೆ ಧಣಿಯಾದರು. ಠಕಠಕ ಬಂದರು. ಮಾವ ಎದ್ದರು.

"ರೀ, ನಲವತ್ತು ವರ್ಷದಲ್ಲಿ ನಾನ್ ಬಂದ್ರೆ ಒಂದಿನ ಎದ್ದಿದ್ದೀರಾ?"

"ನೀನು ಬೂಟು ಹಾಕಿರ್ಲಿಲ್ವಲ್ಲೇ."

ಅತ್ತೆ ಹನ್ನೊಂದು ಸಲ ಬಂದರು. ಮಾವ ಹನ್ನೊಂದು ಸಲವೂ ಎದ್ದರು.

ಮರುದಿನ ಶೆಡ್ಡಿನಲ್ಲಿ ಮಾವನೇ ನನ್ನನ್ನು ಕೇಳಿಕೊಂಡರು: "ಕಟ್ಟಿಬಿಡಮ್ಮ." ಟ್ರೇ ಬಿಗಿಯುವ ಪಟ್ಟಿಯಿಂದ ಅವರ ಸೊಂಟವನ್ನು ಸ್ಟೂಲಿಗೆ ಬಿಗಿದೆ. ಒಂಬತ್ತಕ್ಕೆ ಧಣಿ ಬಂದರು. ಮಾವ ಎದ್ದರು, ಸ್ಟೂಲೂ ಎದ್ದಿತು. ಕುಂಡಿಗೆ ನಾಲ್ಕು ಕಾಲು ಮೂಡಿದಂತೆ ಬಾಗಿ ನಿಂತರು. ಶೆಡ್ಡೇ ನಕ್ಕಿತು. ನಾನೂ ನಕ್ಕೆ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಧಣಿ ಹೊಟ್ಟೆ ಹಿಡಿದುಕೊಂಡರು.

"ಈ ಪಟ್ಟಿ ತೆಗೀಬೇಡ್ರೋ! ನಾಳೆ ನಮ್ ಬೀಗರು ಶೆಡ್ ನೋಡಕ್ಕೆ ಬರ್ತಾರೆ. ಎಲ್ಲಾ ಹಿಂಗೇ ಏಳ್ಲಿ, ಸ್ಟೂಲ್ ಸಮೇತ. ಅವರೂ ನಗ್ಲಿ."

ಮೇಸ್ತ್ರಿ ಎಲ್ಲರಿಗೂ ಪಟ್ಟಿ ಹಂಚಿದ.

ಆ ಸಂಜೆ ಅತ್ತೆ ಬೂಟು ಹಾಕಿಕೊಳ್ಳಲು ಹೋದರೆ ಮಾವ ಬೇಡವೆಂದರು. "ನಮ್ಮಪ್ಪನ್ನ ಚಾಪೆ ಸಮೇತ ಎತ್ತಿದ್ರಲ್ಲ, ಅವತ್ತೂ ನಗ್ತಿದ್ರು ಕಣೇ."

ಮರುದಿನ ಹತ್ತಕ್ಕೆ ಧಣಿ, ಬೀಗರು, ಬೀಗಿತ್ತಿ ಬಂದರು. ಮೂರು ಜೊತೆ ಬೂಟು. ಮಾವನ ಮೊಣಕಾಲು ಅದುರಿತು. ಅವರು ಎರಡೂ ಪಾದಗಳನ್ನು ಸ್ಟೂಲಿನ ಕಾಲುಗಳಿಗೆ ಸುತ್ತಿ ಮೊಟ್ಟೆ ತುಂಬುತ್ತಲೇ ಇದ್ದರು. ಪಕ್ಕದ ಮುದುಕಿ ಅದನ್ನು ನೋಡಿ ತಾನೂ ಕಾಲು ಸುತ್ತಿದಳು. ಆಮೇಲೆ ನಾನು. ಒಬ್ಬರೂ ಏಳಲಿಲ್ಲ.

"ಏಳ್ರೋ, ಬೋಳಿಮಕ್ಳಾ!" ಮೇಸ್ತ್ರಿ ಅರಚಿದ.

"ಎದ್ರೆ ಮೊಟ್ಟೆ ಒಡೀತವೆ, ಸ್ವಾಮಿ" ಎಂದರು ಮಾವ, ತಲೆ ಎತ್ತದೆ. "ತಾವೇ ಹೇಳ್ಕೊಟ್ಟಿದ್ದು."

ಬೀಗರು ಬಿದ್ದು ಬಿದ್ದು ನಕ್ಕರು. ಧಣಿ ನಗಲಿಲ್ಲ, ಕಕ್ಕಸಿನ ಕಡೆ ನಡೆದರು.

ಆ ದಿನ ಒಂದು ಮೊಟ್ಟೆಯೂ ಒಡೆಯಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಒಂದೂ ಸ್ಟೂಲಿರಲಿಲ್ಲ. ಇನ್ನು ಮೇಲೆ ನಿಂತೇ ಕೆಲಸ ಎಂದ ಮೇಸ್ತ್ರಿ. ಮಾವ ಟವೆಲಿನಿಂದ ನೆಲ ಒರೆಸಿ, ಚಕ್ಕಳಮಕ್ಕಳ ಹಾಕಿ ಕುಳಿತರು. ಉಳಿದ ಇಪ್ಪತ್ತೊಂದು ಮಂದಿಯೂ ಕುಳಿತೆವು. ಬೆಲ್ಟು ಈಗ ಕೈಗೆಟುಕದಷ್ಟು ಮೇಲಿತ್ತು.

ಏಳು ಗಂಟೆಗೆ ಬೆಲ್ಟು ಹೊರಟಿತು. ಏಳೂ ಎರಡಕ್ಕೆ ಮೊದಲ ಮೊಟ್ಟೆ ಬಿತ್ತು.